ತೋಟದ ಸೆನ್ಸರ್ ಡೇಟಾ ಕಳಿಸುತ್ತಿಲ್ಲವೇ? ಪ್ರೋಗ್ರಾಂ ಮುಟ್ಟಬೇಡಿ, ಬ್ಯಾಟರಿ ನೋಡಿ

ಅಡಿಕೆ ತೋಟದಲ್ಲಿ ಮಣ್ಣಿನ ತೇವ ನೋಡಲು ಸೆನ್ಸರ್ ಹಾಕುತ್ತಾರೆ. ಕೆಲವು ವಾರ ಮೊಬೈಲಿಗೆ ಲೆಕ್ಕ ಬರುತ್ತದೆ, ಆಮೇಲೆ ನಿಂತುಹೋಗುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಪ್ರೋಗ್ರಾಂ ಅಳಿಸಿ ಮತ್ತೆ ಹಾಕುವುದು. ನಿನ್ನೆವರೆಗೆ ಓಡಿದ ಪ್ರೋಗ್ರಾಂ ರಾತ್ರೋರಾತ್ರಿ ಕೆಡುವುದು ಅಪರೂಪ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಇಎಸ್‌ಪಿ32 ಬೋರ್ಡ್ (ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರ್), ಲೋರಾ ರೇಡಿಯೊ (ದೂರಕ್ಕೆ ಡೇಟಾ ಕಳಿಸುವಂಥದ್ದು), ಒಂದು 18650 ಲಿಥಿಯಂ ಸೆಲ್ ಇರುವ ನೋಡ್ (ತೋಟದಲ್ಲಿಟ್ಟ ಸೆನ್ಸರ್ ಪೆಟ್ಟಿಗೆ) ನಿಮ್ಮದು ಎಂದುಕೊಂಡು ಹೇಳುತ್ತಿದ್ದೇನೆ.

ಮೊದಲು: ಎಲ್ಲ ನೋಡ್‌ಗಳೂ ನಿಂತಿದ್ದರೆ ತೋಟಕ್ಕೆ ಹೋಗಲೇಬೇಡಿ. ಮನೆಯ ಗೇಟ್‌ವೇ (ನೋಡ್‌ಗಳ ಸಿಗ್ನಲ್ ಹಿಡಿದು ಇಂಟರ್‌ನೆಟ್‌ಗೆ ದಾಟಿಸುವ ಪೆಟ್ಟಿಗೆ), ಇಂಟರ್‌ನೆಟ್ ನೋಡಿ. ಒಂದೇ ನಿಂತಿದ್ದರೆ ಬಿಚ್ಚಿ ತನ್ನಿ.

ಎರಡನೆಯದು ಬ್ಯಾಟರಿ. ಎಡವುವುದೇ ಇಲ್ಲಿ. ಮಲ್ಟಿಮೀಟರ್ ಇಟ್ಟರೆ 3.9 ವೋಲ್ಟ್ ತೋರಿಸುತ್ತದೆ, ‘ಬ್ಯಾಟರಿ ಚೆನ್ನಾಗಿದೆ’ ಎಂದು ಮುಂದೆ ಹೋಗಿಬಿಡುತ್ತಾರೆ. ಆದರೆ ನೀವು ಅಳೆದದ್ದು ನೋಡ್ ಮಲಗಿದ್ದಾಗ, ಅಂದರೆ ಏನನ್ನೂ ಕಳಿಸದೆ ಸುಮ್ಮನಿದ್ದಾಗ. ಎದ್ದು ಕಳಿಸುವಾಗ ರೇಡಿಯೊ ಒಂದೇ 120 ಮಿಲಿಆಂಪಿಯರ್‌ವರೆಗೆ ಎಳೆಯಬಹುದು. ಪಂಪ್‌ಸೆಟ್ ಸ್ಟಾರ್ಟ್ ಆದ ಕೂಡಲೇ ಮನೆಯ ಬಲ್ಬ್ ಮಂಕಾಗುತ್ತದಲ್ವಾ, ಅದೇ ಕಥೆ. ಸೆಲ್ ಹಳೆಯದಾಗಿದ್ದರೆ, ಹೋಲ್ಡರಿನ ಸ್ಪ್ರಿಂಗ್‌ಗೆ ತುಕ್ಕು ಹಿಡಿದಿದ್ದರೆ, ವೋಲ್ಟೇಜ್ ದಿಢೀರ್ ಕುಸಿದು ಬೋರ್ಡ್ ರೀಸ್ಟಾರ್ಟ್ ಆಗುತ್ತದೆ. ಮತ್ತೆ ಎದ್ದು ಕಳಿಸಲು ಹೋಗುತ್ತದೆ, ಮತ್ತೆ ಬೀಳುತ್ತದೆ.

ಕಂಪ್ಯೂಟರಿಗೆ ಯುಎಸ್‌ಬಿ ಜೋಡಿಸಿದರೆ ಮಾತ್ರ ಎಲ್ಲವೂ ಸರಿ! ಕರೆಂಟ್ ಅಲ್ಲಿಂದ ಬರುವುದರಿಂದ ರೋಗ ಕಾಣುವುದೇ ಇಲ್ಲ. ಹಾಗಾಗಿ ನೋಡ್ ಅನ್ನು ಅದರ ಬ್ಯಾಟರಿಯಲ್ಲೇ ಓಡಿಸಿ. ಬೇರೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ತೆಗೆದುಕೊಂಡು ಎರಡೇ ವೈರ್ ಜೋಡಿಸಿ: ಗ್ರೌಂಡ್‌ಗೆ ಗ್ರೌಂಡ್, ಬೋರ್ಡಿನ ಟಿಎಕ್ಸ್‌ನಿಂದ (ಕಳಿಸುವ ಪಿನ್) ಅಡಾಪ್ಟರಿನ ಆರ್‌ಎಕ್ಸ್‌ಗೆ (ಪಡೆಯುವ ಪಿನ್). ಬೋರ್ಡ್ ಕಳಿಸುವ ಸಾಲುಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ‘ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್’ (ವೋಲ್ಟೇಜ್ ಕುಸಿಯಿತು) ಎಂದು ಬಂದರೆ ಕಳ್ಳ ಸಿಕ್ಕಿಬಿದ್ದ.

ಅಡಾಪ್ಟರ್ ಇಲ್ಲವೇ? ಬೋರ್ಡಿನ 3.3 ವೋಲ್ಟ್ ಪಿನ್ ಮೇಲೆ ಮೀಟರ್ ಇಟ್ಟು, ಅದು ಕಳಿಸುವ ಹೊತ್ತಿಗೆ ನೋಡಿ. ಲೋರಾ ಕಳಿಸುವ ವೇಗವನ್ನು ಎಸ್‌ಎಫ್ ಅಂಕಿ ಹೇಳುತ್ತದೆ, ಅಂಕಿ ಹೆಚ್ಚಾದಷ್ಟೂ ನಿಧಾನ. ಎಸ್‌ಎಫ್12ರಲ್ಲಿ ಒಂದು ಪ್ಯಾಕೆಟ್ ಹೋಗಲು ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಆ ಕುಸಿತ ಸಾಮಾನ್ಯ ಮೀಟರಿಗೂ ಕಾಣಬಹುದು. ಎಸ್‌ಎಫ್7ರಲ್ಲಿ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ, ನಂಬಬೇಡಿ.

ಸ್ಪ್ರಿಂಗ್ ಉಜ್ಜಿ, ಸೆಲ್ ಬದಲಿಸಿ, 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಬೋರ್ಡಿನಲ್ಲಿ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ಚಿಪ್) ಇದ್ದರೆ ಆ ಬೋರ್ಡನ್ನೇ ಬಿಡಿ. 3.3 ಕೊಡಲು ಅದಕ್ಕೆ ಸುಮಾರು ಒಂದು ವೋಲ್ಟ್ ಜಾಸ್ತಿಯೇ ಒಳಗೆ ಬರಬೇಕು, ಒಂದು ಲಿಥಿಯಂ ಸೆಲ್‌ಗೆ ಅದು ಆಗದ ಮಾತು. ಇನ್ನು ‘9900 ಎಂಎಎಚ್’ ಎಂದು ಬರೆದ 18650 ಸೆಲ್ ಕೊಳ್ಳಬೇಡಿ. ಒಳ್ಳೆಯ ಕಂಪನಿಯದೇ 3500ರ ಆಸುಪಾಸು ಇರುತ್ತದೆ.

ಆಂಟೆನಾ: ನಮ್ಮ ದೇಶದಲ್ಲಿ ಲೋರಾಗೆ ಬಳಸುವುದು 865ರಿಂದ 867 ಮೆಗಾಹರ್ಟ್ಸ್. ಕಿಟ್ ಜೊತೆ 433ರ ಆಂಟೆನಾ ಬಂದಿರಬಹುದು, ನೋಡಲು ಎರಡೂ ಒಂದೇ ಥರ. ಅನುಮಾನವಿದ್ದರೆ 8.6 ಸೆಂಟಿಮೀಟರ್ ವೈರ್ ಬೆಸುಗೆ ಹಾಕಿ, ಅದೇ ವಾಸಿ. ಆಂಟೆನಾ ಇಲ್ಲದೆ ಮಾತ್ರ ಆನ್ ಮಾಡಬೇಡಿ, ರೇಡಿಯೊ ಸುಟ್ಟುಹೋಗಬಹುದು.

ಬ್ಯಾಟರಿ ಬದಲಿಸಿದ ಮೇಲೂ ಬರುತ್ತಿಲ್ಲವೇ? ನೋಡ್ ಎಬಿಪಿ ವಿಧಾನದಲ್ಲಿ (ಗುಪ್ತ ಕೀಲಿಗಳನ್ನು ಮೊದಲೇ ನೋಡ್‌ನಲ್ಲಿ ಬರೆದಿಡುವುದು) ಸರ್ವರ್‌ಗೆ ಜೋಡಣೆಯಾಗಿದ್ದರೆ ಪ್ಯಾಕೆಟ್ ಎಣಿಕೆ ಸೊನ್ನೆಯಿಂದ ಶುರುವಾಗಿರುತ್ತದೆ. ಸರ್ವರ್ ಅದನ್ನು ಹಳೆಯ ಪ್ಯಾಕೆಟ್ ಎಂದುಕೊಂಡು ಎಸೆಯುತ್ತದೆ. ಸರ್ವರ್‌ನಲ್ಲಿ ಎಣಿಕೆ ರೀಸೆಟ್ ಮಾಡಿ. ಸಾಧ್ಯವಾದರೆ ಒಟಿಎಎಗೆ (ನೋಡ್ ತಾನೇ ಸರ್ವರ್‌ಗೆ ಹೊಸದಾಗಿ ಸೇರಿಕೊಳ್ಳುವ ವಿಧಾನ) ಬದಲಾಯಿಸಿಕೊಳ್ಳಿ, ಈ ತಲೆನೋವು ಇರುವುದಿಲ್ಲ.

ವಾಪಸ್ ಇಡುವಾಗ ವೈರ್ ಬರುವ ತೂತು ಕೆಳಮುಖವಾಗಿರಲಿ, ಸಂದನ್ನು ಸಿಲಿಕೋನ್‌ನಿಂದ ಮುಚ್ಚಿ. ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಎರಡು ಪ್ಯಾಕೆಟ್ ಬರುವವರೆಗೆ ಅಲ್ಲೇ ನಿಂತು ಮೊಬೈಲಿನಲ್ಲಿ ಆರ್‌ಎಸ್‌ಎಸ್‌ಐ (ಸಿಗ್ನಲ್ ಬಲದ ಅಂಕಿ) ನೋಡಿ. ಮೈನಸ್ 120ರ ಹತ್ತಿರ ಇದ್ದರೆ ಒದ್ದೆ ಎಲೆಗಳ ಮಧ್ಯೆ ಸಿಗ್ನಲ್ ಕೈಕೊಡುತ್ತದೆ, ಮಳೆಗಾಲಕ್ಕೆ ಮುಂಚೆಯೇ ಕಂಬ ಎತ್ತರಿಸಿ. ಅಂದಿನ ಅಂಕಿಯನ್ನು ಮಾರ್ಕರ್‌ನಲ್ಲಿ ಮುಚ್ಚಳದ ಒಳಗೆ ಬರೆದಿಡಿ.