ಏಳು ಜನ, ಒಂದು ವ್ಯಾನ್, ಹಿಂದೆ ಒಂದು ಹಿಚ್ ಕ್ಯಾರಿಯರ್

ಬೇಸಿಗೆಯಲ್ಲಿ ಊರಿಂದ ಹಿರಿಯರು ಬಂದಾಗ ನಮ್ಮ ಗಾಡಿಯಲ್ಲಿ ಏಳು ಜನ ಆಗುತ್ತೇವೆ. ಅಪ್ಪ, ಅಮ್ಮ, ಅತ್ತೆ, ನಾವಿಬ್ಬರು, ಮಕ್ಕಳಿಬ್ಬರು. ಗಾಡಿ ಟೊಯೋಟಾ ಸಿಯೆನ್ನಾ ಮಿನಿವ್ಯಾನ್. ಮೂರು ಸಾಲಿನಲ್ಲೂ ಜನ ಕೂತರೆ ಸಾಮಾನಿಗೆ ಉಳಿಯುವುದು ಡಿಕ್ಕಿಯಲ್ಲಿರುವ ಆಳದ ಗುಂಡಿ ಮಾತ್ರ. ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಸುಮಾರು ಸಾವಿರ ಮೈಲಿ. ಜುಲೈನಲ್ಲೂ ಅಲ್ಲಿ ರಾತ್ರಿ ಮೈ ನಡುಗಿಸುವ ಚಳಿ. ಹೊದಿಕೆ, ಜಾಕೆಟ್, ಮಡಚುವ ಕುರ್ಚಿ, ಸ್ಟ್ರಾಲರ್, ಕುಕ್ಕರ್, ಅಕ್ಕಿ ಎಲ್ಲವೂ ಬೇಕು. ಹಾಗಾಗಿ ಕೆಲವು ಬೇಸಿಗೆಗಳಿಂದ ಗಾಡಿಯ ಹಿಂದೆ ಹಿಚ್ ಕ್ಯಾರಿಯರ್ ಕಟ್ಟಿಕೊಂಡು ಹೋಗುತ್ತಿದ್ದೇವೆ. ಟ್ರೇಲರ್ ಎಳೆಯಲು ಬಂಪರಿನ ಕೆಳಗೆ ಹಾಕಿಸುವ ಕೊಂಡಿಗೆ ಹಿಚ್ ಅನ್ನುತ್ತಾರೆ, ಅದರ ಚೌಕದ ಕೊಳವೆಗೆ ಸಿಕ್ಕಿಸುವ ಕಬ್ಬಿಣದ ತಟ್ಟೆ ಇದು. ಅದರ ಮೇಲೊಂದು ದಪ್ಪ ಬ್ಯಾಗ್.

ಮೊದಲು ನೋಡಿದ್ದು ಟಾಪ್ ಮೇಲಿನ ಡಬ್ಬ. ಊರಲ್ಲಿ ಜೀಪಿನ ಮೇಲೆ ಟಾರ್ಪಾಲು ಹಾಕಿ ಹಗ್ಗ ಬಿಗಿದು ಅಭ್ಯಾಸ ಇರುವ ಅಪ್ಪನಿಗೆ ಅದೇ ಸರಿ ಅನ್ನಿಸಿತ್ತು. ನಾನು ಹಿಂದಿನ ಕ್ಯಾರಿಯರ್ ಆರಿಸಿದ್ದಕ್ಕೆ ಎರಡು ಕಾರಣ. ಒಂದು, ಎತ್ತುವ ಕಷ್ಟ. ಮಿನಿವ್ಯಾನಿನ ಮೇಲೆ ಸಾಮಾನು ಏರಿಸಲು ಏಣಿ ಬೇಕು, ಇದಕ್ಕೆ ಮೊಣಕಾಲಿನ ಎತ್ತರ ಸಾಕು. ಇನ್ನೊಂದು, ಪೆಟ್ರೋಲ್. ದೊಡ್ಡ ಮೊಂಡು ಮುಖದ ಟಾಪ್ ಡಬ್ಬ ಹೈವೇಯಲ್ಲಿ ಮೈಲೇಜನ್ನು 6ರಿಂದ 17 ಶೇಕಡಾ, ಇಂಟರ್‌ಸ್ಟೇಟ್ ಹೆದ್ದಾರಿಯ ಗಂಟೆಗೆ 65–75 ಮೈಲಿ ವೇಗದಲ್ಲಿ 10ರಿಂದ 25 ಶೇಕಡಾ ತಿನ್ನಬಹುದು ಎನ್ನುತ್ತದೆ ಅಮೆರಿಕ ಸರ್ಕಾರದ ಇಂಧನ ಮಾಹಿತಿ. ಹಿಂದೆ ಕಟ್ಟುವ ತಟ್ಟೆಗೆ ಹೈವೇ ನಷ್ಟ 1ರಿಂದ 5 ಶೇಕಡಾ ಅಷ್ಟೇ. ಗಾಡಿಯ ಬೆನ್ನ ಹಿಂದೆ ಅಡಗಿರುವ ಸಾಮಾನಿಗೆ ಎದುರುಗಾಳಿ ತಾಗುವುದೇ ಕಡಿಮೆ. ನೆವಾಡಾದ ಬಯಲಿನಲ್ಲಿ ಗಂಟೆಗಟ್ಟಲೆ ಎದುರುಗಾಳಿ ಬೀಸುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಈಗ ತೂಕದ ಮಾತು. ಇದನ್ನು ನಾನು ಯಾರು ಕೇಳಿದರೂ ಒತ್ತಿ ಹೇಳುತ್ತೇನೆ. ಕ್ಯಾರಿಯರ್ ಪೆಟ್ಟಿಗೆಯ ಮೇಲೆ 500 ಪೌಂಡ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಆ ಕಬ್ಬಿಣ ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ. ನಮ್ಮ ಗಾಡಿ ಎಷ್ಟು ತಡೆಯುತ್ತದೆ ಅನ್ನುವುದು ಬೇರೆ. ಸಿಯೆನ್ನಾ ಎಳೆಯಬಲ್ಲ ಭಾರ 3,500 ಪೌಂಡ್. ಅದರಲ್ಲಿ ಹಿಚ್ ಮೇಲೆ ನೇರವಾಗಿ ಕೂರುವ ತೂಕಕ್ಕೆ ಟಂಗ್ ತೂಕ ಅನ್ನುತ್ತಾರೆ. ಸಾಮಾನ್ಯವಾಗಿ ಅದು ಹತ್ತನೇ ಒಂದು ಭಾಗ, ಅಂದರೆ 350 ಪೌಂಡ್, ಸುಮಾರು 159 ಕೆಜಿ. ಗಾಡಿಯ ಕೈಪಿಡಿ, ಹಿಚ್ಚಿನ ಸ್ಟಿಕ್ಕರ್, ಕ್ಯಾರಿಯರ್ ಮೇಲಿನ ಅಂಕಿ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಕ್ಯಾರಿಯರಿನ ಸ್ವಂತ ತೂಕವೂ ಅದರೊಳಗೇ ಬರಬೇಕು. ಕಬ್ಬಿಣದ್ದಾದರೆ 50–60 ಪೌಂಡ್ ಅಲ್ಲೇ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ ಅದರಲ್ಲಿ ಇರುತ್ತದೆ. ಹಿಂದಿನ ತಟ್ಟೆಯಲ್ಲಿ ಇಟ್ಟದ್ದೂ ಈ ಲೆಕ್ಕಕ್ಕೆ ಸೇರುತ್ತದೆ. ಕ್ಯಾರಿಯರಿಂದ ಜಾಗ ಜಾಸ್ತಿ ಆಗುತ್ತದೆ, ಗಾಡಿಯ ಶಕ್ತಿ ಇದ್ದಷ್ಟೇ ಇರುತ್ತದೆ. ಏಳು ಜನರನ್ನು ಕೂರಿಸಿದ ಮೇಲೆ ಉಳಿಯುವ ಪೌಂಡುಗಳನ್ನು ಕಾಗದದ ಮೇಲೆ ಬರೆದು ನೋಡಿ. ತುಂಬಾ ಜನಕ್ಕೆ ಆಶ್ಚರ್ಯ ಆಗುತ್ತದೆ.

ತೂಕ ಎಲ್ಲಿ ಕೂರುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಮೈಲಿಗಟ್ಟಲೆ ನಡೆಯಬಹುದು. ಅದನ್ನೇ ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆಯೂ ಕಷ್ಟ ಅಲ್ವಾ? ಹಿಂದಿನ ತಟ್ಟೆ ಅಂದರೆ ಗಾಡಿ ಕೈ ಚಾಚಿ ಹಿಡಿದ ಕೊಡ. ನಮ್ಮ ವ್ಯಾನಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು 10 ಅಡಿ. ಹಿಂದಿನ ಚಕ್ರದಿಂದ ತಟ್ಟೆಯ ನಡುಮಧ್ಯಕ್ಕೆ ಸುಮಾರು 5 ಅಡಿ. ತಟ್ಟೆ, ಬ್ಯಾಗು, ಸಾಮಾನು ಸೇರಿ 160 ಪೌಂಡ್ ಇಟ್ಟರೆ ಹಿಂದಿನ ಚಕ್ರಗಳಿಗೆ ಬೀಳುವುದು 160 ಅಲ್ಲ, 240. ಮುಂದಿನ ಚಕ್ರಗಳಿಂದ 80 ಪೌಂಡ್ ಎದ್ದು ಹೋಗುತ್ತದೆ. ಸ್ಟೀರಿಂಗ್ ತಿರುಗಿಸುವುದೂ ಹೆಚ್ಚಿನ ಬ್ರೇಕ್ ಹಿಡಿಯುವುದೂ ಮುಂದಿನ ಚಕ್ರಗಳೇ. ಮೂಗು ಮೇಲೆದ್ದ ಗಾಡಿಯ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುವುದೂ ಇದರಿಂದಲೇ.

ಅದಕ್ಕೇ ನಮ್ಮ ಮನೆಯ ಲೆಕ್ಕ ಸರಳ. ದೊಡ್ಡದಾದ, ಹಗುರವಾದ ಸಾಮಾನು ಹೊರಗೆ. ಚಿಕ್ಕದಾದ, ಭಾರವಾದದ್ದು ಒಳಗೆ. ಹೊದಿಕೆ, ಜಾಕೆಟ್, ಸ್ಲೀಪಿಂಗ್ ಬ್ಯಾಗ್, ದಿಂಬು, ಸ್ಟ್ರಾಲರ್, ಕುರ್ಚಿಗಳು ಹಿಂದಿನ ಬ್ಯಾಗಿಗೆ. ಅಕ್ಕಿ, ಬೇಳೆ, ಕುಕ್ಕರ್, ನೀರಿನ ಕ್ಯಾನು ಮೂರನೇ ಸಾಲಿನ ಹಿಂದಿನ ಗುಂಡಿಗೆ. ತೂಕ ನೋಡಲು ಬೇರೆ ಏನೂ ಬೇಡ. ಊರಿಗೆ ಹೊರಡುವಾಗ ಸೂಟ್‌ಕೇಸ್ 23 ಕೆಜಿ ದಾಟಿದೆಯಾ ಅಂತ ನೋಡುವ ಕೈ ತಕ್ಕಡಿ ಎಲ್ಲರ ಮನೆಯಲ್ಲೂ ಇರುತ್ತದಲ್ಲ, ಅದೇ ಸಾಕು. ಪ್ರತಿ ಗಂಟನ್ನೂ ಎತ್ತಿ ತೂಗಿ ಬರೆದುಕೊಳ್ಳುತ್ತೇನೆ. ಭಾರವಾದದ್ದು ಏನಾದರೂ ಹೊರಗಿಡಲೇಬೇಕಾದರೆ ಅದು ಬಂಪರಿಗೆ ಹತ್ತಿರ, ನಡುಮಧ್ಯದಲ್ಲಿ.

ಊಟದ ಸಾಮಾನು ಒಳಗೇ ಇರಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಕರಡಿ. ಯೆಲ್ಲೊಸ್ಟೋನ್ ನಿಯಮದ ಪ್ರಕಾರ ಆಹಾರ, ಕೂಲರ್, ಅಡುಗೆ ಪಾತ್ರೆ, ಟೂತ್‌ಪೇಸ್ಟಿನಂಥ ವಾಸನೆಯ ವಸ್ತು ಯಾವುದನ್ನೂ ಬಳಸದಿರುವಾಗ ಹೊರಗೆ ಬಿಡುವಂತಿಲ್ಲ. ಕಿಟಕಿ ಮುಚ್ಚಿದ ಗಟ್ಟಿ ಮೈಯ ಗಾಡಿಯೊಳಗೆ ಇಡಬೇಕು, ಇಲ್ಲವೇ ಕರಡಿಗೆ ತೆರೆಯಲಾಗದ ಪೆಟ್ಟಿಗೆಯಲ್ಲಿ. ಬಟ್ಟೆಯ ಬ್ಯಾಗು ಇದರಲ್ಲಿ ಯಾವುದೂ ಅಲ್ಲ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಉದ್ಯಾನದಲ್ಲಿ ಇನ್ನೂ ಬಿಗಿ, ಕತ್ತಲಾದ ಮೇಲೆ ಕಾರಿನೊಳಗೂ ಆಹಾರ ಇಡುವಂತಿಲ್ಲ. ಅಮ್ಮನ ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟಿನ ಘಮ ನಮಗೇ ಎರಡು ಕೋಣೆ ಆಚೆಗೆ ಬರುತ್ತದೆ. ಕರಡಿಯ ಮೂಗು ನಮ್ಮದಕ್ಕಿಂತ ಎಷ್ಟೋ ಪಾಲು ಚುರುಕು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರಬಹುದು. ನಮ್ಮ ಪುಡಿ ಡಬ್ಬದಿಂದ ಒಂದು ಪ್ರಾಣಿಗೆ ಹಾಗಾಗುವುದು ನನಗೆ ಬೇಡ.

ಇಲ್ಲೊಂದು ತೊಡಕಿದೆ. ಹಿಂದೆ ಬ್ಯಾಗ್ ತುಂಬಿ ಕಟ್ಟಿದರೆ ಡಿಕ್ಕಿಯ ಬಾಗಿಲು ತೆರೆಯುವುದಿಲ್ಲ. ಪಕ್ಕಕ್ಕೆ ತಿರುಗಿಸುವ ಕ್ಯಾರಿಯರ್‌ಗಳು ಸಿಗುತ್ತವೆ, ಆದರೆ ಅವೇ ತುಂಬಾ ಭಾರ. ಆದ್ದರಿಂದ ರಾತ್ರಿ ತಂಗುವವರೆಗೆ ಬೇಡದ್ದು ಮಾತ್ರ ಡಿಕ್ಕಿಗೆ. ದಾರಿಯ ಬುತ್ತಿ, ಅಂದರೆ ಚಪಾತಿ, ಪಲ್ಯ, ಮೊಸರನ್ನ, ಎರಡನೇ ಸಾಲಿನ ಕಾಲಬುಡದಲ್ಲಿ. ಜಾರುವ ಬಾಗಿಲು ತೆರೆದರೆ ಕೈಗೆ ಸಿಗುತ್ತದೆ. ಹಿರಿಯರ ಮಾತ್ರೆ, ಪಾಸ್‌ಪೋರ್ಟ್, ಲ್ಯಾಪ್‌ಟಾಪ್ ಎಂದೂ ಹಿಂದಿನ ಬ್ಯಾಗಿಗೆ ಹೋಗುವುದಿಲ್ಲ. ಬಿಸಿಲಿಗೆ ಅದು ಕಾಯುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲ ಪೆಟ್ಟೂ ಅದಕ್ಕೇ.

ಕೊಳ್ಳುವಾಗ ಅಳತೆ ನೋಡಿ. ಹಿಚ್ಚಿನ ಕೊಳವೆ ಎರಡು ಅಳತೆಯಲ್ಲಿ ಸಾಮಾನ್ಯ, ಒಂದೂಕಾಲು ಇಂಚು ಮತ್ತು 2 ಇಂಚು. ಆಗುವುದಾದರೆ 2 ಇಂಚಿನದ್ದೇ ಹಾಕಿಸಿ. ಕ್ಯಾರಿಯರಿನ ದಂಡ ಸ್ವಲ್ಪ ಮೇಲಕ್ಕೆ ಎದ್ದಿರುವಂಥದ್ದು ಇದ್ದರೆ ಒಳ್ಳೆಯದು. ಮಿನಿವ್ಯಾನ್ ತಗ್ಗು, ಮನೆ ಮುಂದಿನ ಇಳಿಜಾರಿನಲ್ಲೇ ತಟ್ಟೆ ನೆಲಕ್ಕೆ ಉಜ್ಜುತ್ತದೆ. ಕೊಳವೆಯೊಳಗೆ ದಂಡ ಅಲ್ಲಾಡದಂತೆ ಬಿಗಿಯುವ ಯು ಆಕಾರದ ಕ್ಲಾಂಪನ್ನು ಮರೆಯಬೇಡಿ. ಅದಿಲ್ಲದೆ ಪ್ರತಿ ಹಳ್ಳಕ್ಕೂ ಕಡಕಡ ಸದ್ದು. ಪಿನ್ನಿಗೆ ಬೀಗ ಇರಲಿ. ಎಕ್ಸಾಸ್ಟ್ ಕೊಳವೆಯ ಬಾಯಿ ಎಲ್ಲಿದೆ ಅಂತ ಬಗ್ಗಿ ನೋಡಿ. ಬ್ಯಾಗಿನ ಬುಡ ಅದರ ಬಿಸಿಗೆ ಸಿಕ್ಕರೆ ಕರಗುತ್ತದೆ.

ನಂಬರ್ ಪ್ಲೇಟ್ ವಿಷಯ ಹಗುರವಾಗಿ ತೆಗೆದುಕೊಳ್ಳಬಾರದು. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಪ್ಲೇಟ್ ಯಾವಾಗಲೂ ಸ್ಪಷ್ಟವಾಗಿ ಕಾಣಬೇಕು. ಬ್ಯಾಗು ಅಡ್ಡ ಬಂದರೆ ಪೊಲೀಸರು ನಿಲ್ಲಿಸಬಹುದು. ನಾನು ಬ್ಯಾಗಿನ ಎತ್ತರ ತಗ್ಗಿಸಿ ಕಟ್ಟುತ್ತೇನೆ. ಆಮೇಲೆ ಹತ್ತಿಪ್ಪತ್ತು ಹೆಜ್ಜೆ ಹಿಂದೆ ಹೋಗಿ, ಪ್ಲೇಟು, ಬ್ರೇಕ್ ಲೈಟು, ಇಂಡಿಕೇಟರ್ ಎಲ್ಲ ಕಾಣುತ್ತವೆಯೇ ಅಂತ ನೋಡುತ್ತೇನೆ. ಕಾಣದಿದ್ದರೆ ಕ್ಯಾರಿಯರಿಗೇ ಬೇರೆ ಲೈಟು ಮತ್ತು ಪ್ಲೇಟ್ ಹಿಡಿಕೆ ಹಾಕಿಸಬೇಕು. ಒಂದು ಅನುಕೂಲವೂ ಇದೆ. ಇದಕ್ಕೆ ಚಕ್ರ ಇಲ್ಲ, ಹಾಗಾಗಿ ಟ್ರೇಲರ್ ಅಲ್ಲ. ಟ್ರೇಲರ್ ಎಳೆಯುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ಇರುವ ಗಂಟೆಗೆ 55 ಮೈಲಿ ವೇಗದ ಮಿತಿ ಇದಕ್ಕೆ ತಾಗುವುದಿಲ್ಲ. ಆದರೂ ನಾನು 65 ದಾಟಿಸುವುದಿಲ್ಲ. ಭಾರ ತುಂಬಿದ ಗಾಡಿ ನಿಲ್ಲಲು ಜಾಸ್ತಿ ದೂರ ತೆಗೆದುಕೊಳ್ಳುತ್ತದೆ.

ರಿವರ್ಸ್ ಕ್ಯಾಮೆರಾದಲ್ಲಿ ಬ್ಯಾಗ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಸೆನ್ಸರ್ ಒಂದೇ ಸಮ ಕೂಗುತ್ತದೆ. ಕೆಲವು ಗಾಡಿಗಳು ತಾವೇ ಬ್ರೇಕ್ ಹಿಡಿದುಬಿಡುತ್ತವೆ. ಪ್ರಯಾಣದ ಮಟ್ಟಿಗೆ ಆ ಹಿಂದಿನ ಸೆನ್ಸರುಗಳನ್ನು ಆಫ್ ಮಾಡಿ, ಹಿಂದೆ ತೆಗೆಯುವಾಗ ಒಬ್ಬರು ಇಳಿದು ಬರ್ಲಿ ಬರ್ಲಿ ಅನ್ನುವುದೇ ಸುರಕ್ಷಿತ. ಇಳಿದವರು ಡ್ರೈವರಿಗೆ ಕನ್ನಡಿಯಲ್ಲಿ ಕಾಣುವ ಹಾಗೆ ಪಕ್ಕದಲ್ಲಿ ನಿಲ್ಲಬೇಕು. ಪಾರ್ಕಿಂಗ್‌ನಲ್ಲಿ ಎರಡಡಿ ಉದ್ದ ಹೆಚ್ಚಾಗಿದೆ ಅನ್ನುವುದು ಸದಾ ನೆನಪಿರಲಿ.

ಬ್ಯಾಗಿನ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿದ್ದರೂ ಒಳಗಿನ ಪ್ರತಿ ಗಂಟನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕುತ್ತೇನೆ. ಗಾಡಿಯ ಹಿಂದೆ ಗಾಳಿ ಸುಳಿಯುತ್ತದೆ. ಚಕ್ರ ಎಬ್ಬಿಸಿದ ದೂಳನ್ನೂ ನೀರನ್ನೂ ಅದು ಜಿಪ್ಪಿನೊಳಕ್ಕೆ ನುಗ್ಗಿಸುತ್ತದೆ. ಎಳೆದರೆ ಹಿಗ್ಗುವ ರಬ್ಬರ್ ಹಗ್ಗ ಬೇಡ, ಹಿಗ್ಗದ ಪಟ್ಟಿಯೇ ಬೇಕು. ಪಟ್ಟಿಯನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್ ಅನ್ನುವುದಿಲ್ಲ. ಕಟ್ಟುವ ಕೆಲಸ ಈಗ ಅಪ್ಪನದ್ದು. ಲಾರಿಗೆ ಲೋಡು ಬಿಗಿಯುವುದನ್ನು ನೋಡಿ ಬೆಳೆದ ಕೈ ಅದು. ಹೊರಟು ಇಪ್ಪತ್ತು ಮೈಲಿ ಆದ ಮೇಲೆ ನಿಲ್ಲಿಸಿ, ಪ್ರತಿ ಪಟ್ಟಿ ಎಳೆದು ನೋಡು ಅನ್ನುವುದು ಅವರ ಮಾತು. ಅದು ನೂರಕ್ಕೆ ನೂರು ಸರಿ. ಸಾಮಾನು ಒಳಗೊಳಗೇ ಕುಸಿದು ಕೂತಿರುತ್ತದೆ, ಪಟ್ಟಿ ಸಡಿಲ ಆಗಿರುತ್ತದೆ. ಆಮೇಲೆ ಪೆಟ್ರೋಲ್ ಹಾಕಿಸಲು ನಿಂತಲ್ಲೆಲ್ಲ ಒಮ್ಮೆ ಕೈ ಆಡಿಸುತ್ತೇವೆ, ಪಿನ್ನನ್ನೂ ನೋಡುತ್ತೇವೆ. ಟೈರ್ ಗಾಳಿ ಮಾತ್ರ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಬೇಕು.

ಮನೆಗೆ ಬಂದ ಮೇಲೆ ಕ್ಯಾರಿಯರನ್ನು ಗಾಡಿಯಲ್ಲೇ ಬಿಡಬೇಡಿ. ಮೊಣಕಾಲಿಗೆ ತಾಗುತ್ತದೆ, ಕೊಳವೆಯೊಳಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ನಾನು ಬಿಚ್ಚಿ, ತೊಳೆದು, ದಂಡಕ್ಕೆ ತೆಳ್ಳಗೆ ಗ್ರೀಸ್ ಸವರಿ ಗ್ಯಾರೇಜಿನ ಗೋಡೆಗೆ ಒರಗಿಸುತ್ತೇನೆ. ವರ್ಷಕ್ಕೊಮ್ಮೆ ಬೇಕಾಗುವ ವಸ್ತುವನ್ನು ಪ್ರತಿ ಮನೆಯವರೂ ಕೊಳ್ಳಬೇಕಿಲ್ಲ. ನಮ್ಮ ಸುತ್ತಲಿನ ಕನ್ನಡದ ಮನೆಗಳಲ್ಲಿ ಇದೇ ಕ್ಯಾರಿಯರ್ ಓಡಾಡುತ್ತದೆ. ಕೊಡುವಾಗ ನಾನು ಎರಡೇ ಕೇಳುತ್ತೇನೆ. ನಿಮ್ಮ ಕೊಳವೆ 2 ಇಂಚಿನದ್ದಾ? ಹಿಚ್ಚಿನ ಸ್ಟಿಕ್ಕರ್‌ನ ಫೋಟೋ ಕಳಿಸ್ತೀರಾ?