ಜನ ಹೆಚ್ಚದ ಜಿಲ್ಲೆಯಲ್ಲಿ ಮನೆ ಕೊಂಡ ನನ್ನ ಅನುಭವ

2001ರಲ್ಲಿ ಹದಿಮೂರೂವರೆ ಲಕ್ಷದಷ್ಟಿದ್ದ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 14.37 ಲಕ್ಷಕ್ಕೆ ಬಂದು ನಿಂತಿತ್ತು. ಅದೇ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕೂ ಹೆಚ್ಚು ಬೆಳೆದಿದ್ದರೆ, ನಮ್ಮ ಜಿಲ್ಲೆಯದು ಶೇಕಡಾ 6ರಷ್ಟು ಮಾತ್ರ ಬೆಳೆದಿತ್ತು. 2014ರ ಸುಮಾರಿಗೆ ನಾನು ಕಾರವಾರದಲ್ಲಿ ಬಾಡಿಗೆಗಾಗಿ ಮನೆ ಕೊಳ್ಳಲು ಹೊರಟಾಗ, ಈ ವ್ಯವಹಾರದಲ್ಲಿ ನುರಿತ ಸ್ನೇಹಿತರು ಇದೇ ಅಂಕಿಗಳನ್ನು ಮುಂದಿಟ್ಟು, ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಹೊರವಲಯದಲ್ಲೋ ಸೈಟು ತೆಗೆದುಕೊಳ್ಳುವಂತೆ ಬುದ್ಧಿ ಹೇಳಿದರು. ಈಗ ಅವರಲ್ಲೇ ಕೆಲವರು ನನ್ನ ಲೆಕ್ಕದ ಪುಸ್ತಕವನ್ನು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ತಲೆ ಎಣಿಸುವುದನ್ನು ಬಿಟ್ಟು ಒಲೆ ಎಣಿಸಿದೆ. ಆರು ಮಂದಿಯಿದ್ದ ಕೂಡುಕುಟುಂಬ ಮೂರು ಪಾಲಾದರೆ ಜನಸಂಖ್ಯೆ ಒಂದೂ ಹೆಚ್ಚುವುದಿಲ್ಲ, ಆದರೆ ಮನೆ ಮೂರು ಬೇಕಾಗುತ್ತದೆ. ಇದಕ್ಕೆ ಕಾರವಾರದಲ್ಲಿ ವರ್ಗಾವಣೆಯ ಜನವೂ ಸೇರುತ್ತಾರೆ. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು, 2011ರ ಹೊತ್ತಿಗೆ ಕೈಗಾ ಅಣುಸ್ಥಾವರದ ನಾಲ್ಕೂ ಘಟಕಗಳು ವಿದ್ಯುತ್ ಕೊಡತೊಡಗಿದವು, 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಹೀಗೆ ಬರುವವರಲ್ಲಿ ಅನೇಕರು ಮತವನ್ನು ತಮ್ಮೂರಿನಲ್ಲೇ ಉಳಿಸಿಕೊಳ್ಳುವುದರಿಂದ, ಮತದಾರರ ಪಟ್ಟಿಯನ್ನಷ್ಟೇ ನೋಡಿದವರಿಗೆ ಅವರು ಕಾಣಿಸುವುದೇ ಇಲ್ಲ.

ನೌಕಾನೆಲೆಯನ್ನು ನಂಬಿ ದೊಡ್ಡ ಫ್ಲ್ಯಾಟು ಕೊಂಡವರ ದಾರಿಯನ್ನು ನಾನು ಹಿಡಿಯಲಿಲ್ಲ. ನೌಕಾಪಡೆ ತನ್ನವರಿಗೆ ತಾನೇ ಮನೆ ಕಟ್ಟಿಸುತ್ತದೆ. 2024ರಲ್ಲಿ ಅಲ್ಲಿನ ವಸತಿ ಗೋಪುರಗಳು ಉದ್ಘಾಟನೆಯಾದ ಮೇಲೆ ಆ ಫ್ಲ್ಯಾಟುಗಳ ಬಾಡಿಗೆ ಸಡಿಲವಾದುದನ್ನು ನೀವೂ ನೋಡಿರುತ್ತೀರಿ. ಹೊರಗೆ ಮನೆ ಹುಡುಕುವವರು ಗುತ್ತಿಗೆದಾರರ ಎಂಜಿನಿಯರುಗಳು, ನರ್ಸುಗಳು, ಬ್ಯಾಂಕು ಮತ್ತು ಶಾಲೆಗಳ ನೌಕರರು. ಅವರಿಗೆ ಬೇಕಾದದ್ದು ಒಂದು ಕೋಣೆ, ಅಡುಗೆಮನೆ, ಬತ್ತದ ಬಾವಿ ಮತ್ತು ಸ್ಕೂಟರಿಗೆ ಮಾಡು.

ಮೊದಲ ಮನೆ ಮೂರು ಗುಂಟೆಯ ಆಸುಪಾಸಿನ ಜಾಗದಲ್ಲಿದ್ದ ಹಳೆಯ ಹೆಂಚಿನ ಮನೆ. ನೋಂದಣಿ ಖರ್ಚೂ ಸೇರಿ 22 ಲಕ್ಷದ ಹತ್ತಿರ ಬಿತ್ತು. ವಾರಸುದಾರರು ಮುಂಬೈಯಲ್ಲಿ ಕೆಲವರು, ಗೋವಾದಲ್ಲಿ ಕೆಲವರು ಇದ್ದುದರಿಂದ ಎಲ್ಲರ ಸಹಿ ಒಟ್ಟುಗೂಡಿಸುವುದರಲ್ಲೇ ವರ್ಷ ಕಳೆಯಿತು; ಖಾತೆಯಲ್ಲಿ ಅಜ್ಜನ ಹೆಸರೇ ಇತ್ತೆಂಬ ಕಾರಣಕ್ಕೆ ಬ್ಯಾಂಕೊಂದು ಸಾಲವನ್ನು ಕೊನೆಯ ಗಳಿಗೆಯಲ್ಲಿ ತಡೆಹಿಡಿದಾಗ ಮನೆಯ ಚಿನ್ನ ಅಡವಿಡಬೇಕಾಯಿತು. ಚದುರಿದ ವಾರಸುದಾರರನ್ನು ಒಂದೇ ದಿನ ಉಪನೋಂದಣಾಧಿಕಾರಿಯ ಕಚೇರಿಗೆ ಕರೆತರುವ ಉಪಾಯವೊಂದನ್ನು ಆಗಲೇ ಕಂಡುಕೊಂಡೆ. ನನ್ನ ಮುಂದಿನ ಎಲ್ಲ ಖರೀದಿಗಳೂ ಅದರ ಮೇಲೆಯೇ ನಿಂತಿರುವುದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ದುರಸ್ತಿಗೆ ಸುಮಾರು 9 ಲಕ್ಷ ಸುರಿದು ಮನೆಯನ್ನು ಮೂರು ಬಿಡಾರಗಳಾಗಿ ಒಡೆದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಕಿಟಕಿಗಳೆಲ್ಲ ಪದರು ಪದರಾಗಿ ಎದ್ದವು. ಹಳೆಯ ಮನೆಗಳಿಂದ ಬಿಚ್ಚಿದ ಸಾಗುವಾನಿ ಚೌಕಟ್ಟುಗಳನ್ನು ಮತ್ತೆ ಕೂರಿಸಲು ಇನ್ನೂ ಒಂದು ಲಕ್ಷ ಹೋಯಿತು. ಒಂದು ವರ್ಷ ಮಾರ್ಚಿನಲ್ಲಿ ಖಾಲಿಯಾದ ಬಿಡಾರ ಮೇ ಕೊನೆಯವರೆಗೂ ಖಾಲಿಯೇ ಉಳಿಯಿತು. ಇಲ್ಲಿ ಬಾಡಿಗೆ ಕುದುರುವುದು ವರ್ಗಾವಣೆಯ ಮೇ-ಜೂನ್ ತಿಂಗಳಲ್ಲಿ. ಆದ್ದರಿಂದ ಈಗ ನನ್ನ ಕರಾರುಗಳೆಲ್ಲ ಮೇ ತಿಂಗಳಿಗೇ ಮುಗಿಯುವಂತೆ ಬರೆಸುತ್ತೇನೆ. ಆರಂಭದಲ್ಲಿ ಬಿಡಾರಕ್ಕೆ ಏಳೂವರೆ ಸಾವಿರವಿದ್ದ ಬಾಡಿಗೆ ಇಂದು ಹನ್ನೊಂದು-ಹನ್ನೆರಡು ಸಾವಿರಕ್ಕೆ ಬಂದಿದೆ. ಒಟ್ಟು ಹಾಕಿದ ಹಣಕ್ಕೆ ವರ್ಷಕ್ಕೆ ಶೇಕಡಾ 12ರ ಹತ್ತಿರ ಬರುತ್ತಿದೆ. ಬೆಂಗಳೂರಿನಲ್ಲಿ ಫ್ಲ್ಯಾಟು ಕೊಂಡ ನನ್ನ ಸ್ನೇಹಿತರಲ್ಲಿ ಯಾರಿಗೂ ಬಾಡಿಗೆಯಿಂದ ಇದರ ಅರ್ಧವೂ ಹುಟ್ಟುತ್ತಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಶಿರಸಿಯ ಕಡೆಯ ಲೆಕ್ಕ ಬೇರೆ. ಅಲ್ಲಿಯ ಹಳ್ಳಿಗಳ ಮತದಾರರ ಪಟ್ಟಿಯನ್ನು ಭಾಗವಾರು ಇಳಿಸಿಕೊಂಡು, ಅರವತ್ತು ದಾಟಿದವರನ್ನೂ ಮೂವತ್ತರೊಳಗಿನವರನ್ನೂ ಎಣಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಅದರೊಂದಿಗೆ ಊರಿನ ಶಾಲೆಯ ಒಂದನೇ ತರಗತಿಯ ದಾಖಲಾತಿಯನ್ನೂ ವಿಚಾರಿಸಿದೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ತೋಟದ ಮನೆಯಲ್ಲಿ ಉಳಿದ ಹಿರಿಯರು, ಮಳೆಗಾಲದಲ್ಲಿ ಆಸ್ಪತ್ರೆ ಮುಟ್ಟುವುದು ಕಷ್ಟವೆಂದು ಪೇಟೆಗೆ ಇಳಿಯುತ್ತಿದ್ದಾರೆ. ಹೀಗೆ ಹಳ್ಳಿ ಬರಿದಾದಷ್ಟೂ ಶಿರಸಿ ಪೇಟೆಯ ನೆಲಮಹಡಿಯ ಮನೆಗಳ ಬೆಲೆ ಏರುತ್ತದೆ. ಮೆಟ್ಟಿಲಿಲ್ಲದ, ನಡೆದು ಹೋಗುವ ದೂರದಲ್ಲಿ ಔಷಧ ಅಂಗಡಿಯಿರುವ ಸಣ್ಣ ಮನೆಯೊಂದನ್ನು 2018ರಲ್ಲಿ 28 ಲಕ್ಷದ ಸುಮಾರಿಗೆ ಕೊಂಡು, ನಾಲ್ಕು ವರ್ಷಗಳ ನಂತರ 43 ಲಕ್ಷಕ್ಕೆ ಕೊಟ್ಟೆ. ಕೊಂಡವರು ಎಪ್ಪತ್ತರ ಆಸುಪಾಸಿನ ದಂಪತಿ. ಹಣ ಕಳಿಸಿದ್ದು ಬೆಂಗಳೂರಿನ ಮಗ. ಯಾವ ಬೀದಿಗೆ ಹಿರಿಯರು ಮೊದಲು ಬರುತ್ತಾರೆಂದು ತಿಳಿಯಲು ಇನ್ನೊಂದು ಸೂಚಕವಿದೆ, ಅದೂ ಸದ್ಯ ನನ್ನಲ್ಲೇ ಇರಲಿ.

ಹಳ್ಳಿಯ ತೋಟದ ಮನೆಯಲ್ಲೂ ಒಂದು ಪ್ರಯೋಗ ಮಾಡಿದ್ದೆ. 2020ರ ಕೊರೋನಾ ಕಾಲದಲ್ಲಿ ಊರಿಗೆ ಮರಳಿದ ಐಟಿ ನೌಕರರಿಗಾಗಿ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಇಂಟರ್ನೆಟ್, ಇನ್ವರ್ಟರ್ ಎಂದು ನಾಲ್ಕು ಲಕ್ಷದಷ್ಟು ಹಾಕಿದೆ. ಒಂದೂವರೆ ವರ್ಷ ಚೆನ್ನಾಗಿ ನಡೆದು, ಕಚೇರಿಗಳು ತೆರೆದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಹೊರಟುಹೋದರು. ಹಾಕಿದ್ದರಲ್ಲಿ ಅರ್ಧ ಮಾತ್ರ ಮರಳಿತು. 2020ರಲ್ಲೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋಗಿ ಕೃಷಿಕರಲ್ಲದವರೂ ತೋಟ ಕೊಳ್ಳಬಹುದಾದಾಗ ವಿಚಾರಿಸಲು ಬಂದವರು ಅನೇಕರಿದ್ದರು. ಆದರೆ ಅವರು ಕೇಳಿದ್ದು ನೆಲದ ಬೆಲೆಯನ್ನೇ ಹೊರತು ಮನೆಯ ಬೆಲೆಯನ್ನಲ್ಲ. ತೋಟದ ಜೊತೆಗೆ ಬರುವ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಅನುಭೋಗದ ಹಕ್ಕೇ ಹೊರತು ಮಾಲಿಕತ್ವವಲ್ಲ ಎಂದು ತಿಳಿದೊಡನೆ ಹಲವರು ಹಿಂದೆ ಸರಿದರು.

ಈಗ ನನ್ನ ಗಮನವೆಲ್ಲ ಕೈಗಾದ 5 ಮತ್ತು 6ನೇ ಘಟಕಗಳ ಮೇಲಿದೆ. ತಲಾ 700 ಮೆಗಾವ್ಯಾಟಿನ ಇವುಗಳ ಕಾಮಗಾರಿಗೆ ಬರುವ ಜನ ಕೆಲಸ ಮುಗಿದೊಡನೆ ಹೋಗುವವರು. ಅಂಥವರನ್ನು ನೆಚ್ಚಿ ಕೈಗಾ ಬಳಿಯ ಮಲ್ಲಾಪುರದಲ್ಲಿ ಮನೆ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆದ್ದರಿಂದ ಅಲ್ಲಿ ಹಳೆಯ ಮನೆಯೊಂದನ್ನು ಐದು ವರ್ಷಗಳ ನೋಂದಾಯಿತ ಕರಾರಿನ ಮೇಲೆ ಪಡೆದು ಕೋಣೆಗಳನ್ನು ಮರುಬಾಡಿಗೆಗೆ ಕೊಟ್ಟಿದ್ದೇನೆ. ತಿಂಗಳಿಗೆ ಖರ್ಚು ಕಳೆದು ಒಂಬತ್ತು ಸಾವಿರದಷ್ಟು ಉಳಿಯುತ್ತಿದೆ. ಕಾರವಾರದಲ್ಲಿ ಮುಂದಿನ ಖರೀದಿಯನ್ನು 2027ರ ಗಣತಿಯ ವಾರ್ಡುವಾರು ಅಂಕಿಗಳು ಕೈಗೆ ಬಂದ ಮೇಲೆಯೇ ಮಾಡುತ್ತೇನೆ.