ಆರು ಚಕ್ರ, ಆರು ತೂತು

ನನ್ನ ಗ್ಯಾರೇಜಿಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಎಚ್‌ಪಿ?" ಊರಿಂದ ಫೋನ್ ಮಾಡಿದ ಅಪ್ಪಯ್ಯ ಮಾತ್ರ ಬೇರೆ ಕೇಳಿದರು. "ಆಕ್ಸಲ್ ಹೊರಗೆ ಬರೋ ಜಾಗದಲ್ಲಿ ನೀರನ್ನ ಹೆಂಗೆ ತಡೀತೀಯ?" ತೀರ್ಥಹಳ್ಳಿ ಕಡೆ ಮೂವತ್ತು ವರ್ಷ ಗದ್ದೆ ಕೆಸರಲ್ಲಿ ಟಿಲ್ಲರ್ ಹೊಡೆದವರು ಅವರು. ನೆಲದಲ್ಲೂ ಓಡುವ, ನೀರಲ್ಲೂ ತೇಲುವ ಈ ಆರು ಚಕ್ರದ ಗಾಡಿಯ ಜೊತೆ ಎರಡು ಚಳಿಗಾಲ ಕಳೆದ ಮೇಲೆ ಹೇಳುತ್ತೇನೆ, ಕೇಳಬೇಕಾದ ಪ್ರಶ್ನೆ ಅದೇ.

ನಾನಿರುವುದು ಕೆನಡಾದ ಒಂಟಾರಿಯೊದಲ್ಲಿ, ಕಿಚನರ್ ಊರಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ಹೋದರೆ ನ್ಯೂ ಹ್ಯಾಂಬರ್ಗ್ ಸಿಗುತ್ತದೆ. 1962ರಲ್ಲಿ ಶುರುವಾದ ಒಂಟಾರಿಯೊ ಡ್ರೈವ್ ಅಂಡ್ ಗೇರ್ ಕಂಪನಿ 1967ರಿಂದ ಅಲ್ಲೇ ಆರ್ಗೋ ಅನ್ನುವ ಇಂಥ ಗಾಡಿಗಳನ್ನು ಮಾಡುತ್ತಿದೆ. ಅದಕ್ಕೂ ಮೊದಲೇ, ಅರವತ್ತರ ದಶಕದ ಆರಂಭದಲ್ಲಿ, ಜಿಗರ್ ಅನ್ನುವ ಆರು ಚಕ್ರದ ಪುಟ್ಟ ಗಾಡಿ ಕೆನಡಾದಲ್ಲೇ ಹುಟ್ಟಿತ್ತು. ಕೆರೆ, ಜೌಗು, ಹಿಮ, ಬಂಡೆ ಎಲ್ಲ ಬೆರೆತ ನೆಲ ಇಲ್ಲಿಯದು. ದೋಣಿ ಅರ್ಧಕ್ಕೆ ನಿಲ್ಲುತ್ತದೆ, ಜೀಪು ಇನ್ನರ್ಧಕ್ಕೆ ನಿಲ್ಲುತ್ತದೆ. ಇಂಥ ಕಡೆ ಈ ಗಾಡಿ ಹುಟ್ಟದೇ ಇದ್ದಿದ್ದರೆ ಆಶ್ಚರ್ಯ.

ನಾನು ಕೊಂಡಿದ್ದು ಹಳೆಯ ಆರು ಚಕ್ರದ ಗಾಡಿ. ಇಂಜಿನ್ ಸತ್ತಿತ್ತು, ತಳದಲ್ಲಿ ಒಂದು ಕಡೆ ಸೀಳು ಬಿಟ್ಟಿತ್ತು, ಚೈನುಗಳು ತುಕ್ಕು ಹಿಡಿದು ಬಿಗಿದುಕೊಂಡಿದ್ದವು. ಗೇರ್‌ಬಾಕ್ಸ್ ಮಾತ್ರ ಚೆನ್ನಾಗಿತ್ತು. ಅದೊಂದೇ ನೋಡಿ ದುಡ್ಡು ಕೊಟ್ಟೆ.

ಈ ಗಾಡಿಗೆ ಸ್ಟೀರಿಂಗ್ ಚಕ್ರ ಇಲ್ಲ. ಕಾರಿನಂತೆ ಮುಂದಿನ ಗಾಲಿ ತಿರುಗುವುದೂ ಇಲ್ಲ. ಎರಡು ಲಿವರ್ ಇರುತ್ತವೆ, ಎಡದ್ದನ್ನು ಎಳೆದರೆ ಎಡಕ್ಕೆ, ಬಲದ್ದನ್ನು ಎಳೆದರೆ ಬಲಕ್ಕೆ. ಟಿಲ್ಲರ್ ಹಿಡಿದವರಿಗೆ ಇದು ಹೊಸದಲ್ಲ. ಅಮೆರಿಕದ ಬಫಲೊದಲ್ಲಿ ತಯಾರಾಗುತ್ತಿದ್ದ ಮ್ಯಾಕ್ಸ್ ಗಾಡಿಗಳ ಟಿ-20 ಗೇರ್‌ಬಾಕ್ಸ್ ಹೆಚ್ಚುಕಮ್ಮಿ ಟಿಲ್ಲರ್ ಥರವೇ. ಎಳೆದ ಕಡೆಯ ಓಟ ಬಿಟ್ಟುಕೊಂಡು ಬ್ರೇಕ್ ಹಿಡಿಯುತ್ತದೆ. ನನ್ನದು ಇನ್ನೊಂದು ಜಾತಿ, ಇಂಜಿನ್ನಿನ ಓಟವನ್ನು ಎರಡೂ ಕಡೆಗೆ ಹಂಚುವ ಡಿಫರೆನ್ಷಿಯಲ್ ಇರುವಂಥದ್ದು. ಎಡಗಡೆ ಬ್ರೇಕ್ ಹಿಡಿದರೆ ಅಲ್ಲಿಯ ಓಟವೆಲ್ಲ ಬಲಗಡೆಗೆ ಹೋಗುತ್ತದೆ. ಎಡದ ಮೂರು ಚಕ್ರ ಪೂರ್ತಿ ನಿಂತರೆ ಬಲದ ಮೂರು ಎರಡು ಪಟ್ಟು ಜೋರಾಗಿ ತಿರುಗುತ್ತವೆ. ಇದರಲ್ಲಿ ಒಂದು ನೆಮ್ಮದಿ ಇದೆ. ಟಿಲ್ಲರನ್ನು ಇಳಿಜಾರಲ್ಲಿ ಇಳಿಸುವಾಗ ಎಡದ ಕ್ಲಚ್ ಒತ್ತಿದರೆ ಅದು ಬಲಕ್ಕೆ ತಿರುಗಿಬಿಡುತ್ತದೆ, ಯಾಕೆಂದರೆ ಬಿಟ್ಟುಕೊಂಡ ಗಾಲಿ ಮುಂದೆ ಓಡುತ್ತದೆ. ಎಷ್ಟು ಜನ ಹಾಗೆ ಕಾಲುವೆಗೆ ಬಿದ್ದಿದ್ದಾರೆ, ಅಲ್ವಾ? ಇಲ್ಲಿ ಆ ಭಯ ಇಲ್ಲ. ಆದರೆ ತಿರುಗಿದಾಗೆಲ್ಲ ಬ್ರೇಕ್ ಕಾಯುತ್ತದೆ. ಕಾಡಿನಲ್ಲಿ ಮರಗಳ ನಡುವೆ ಒಂದು ಗಂಟೆ ಓಡಿಸಿದರೆ ಡಿಸ್ಕ್ ಹತ್ತಿರ ಕೈ ಇಡಲಾಗದು. ಅದಕ್ಕೇ ಒಂದು ಫ್ಯಾನ್ ಹಾಕಿ, ಕೊಳವೆಯಲ್ಲಿ ಗಾಳಿ ಸೀದಾ ಎರಡೂ ಡಿಸ್ಕ್‌ಗಳ ಮೇಲೆ ಬೀಳುವಂತೆ ಮಾಡಿದೆ.

ಈಗ ಅಪ್ಪಯ್ಯನ ಪ್ರಶ್ನೆಗೆ ಬರೋಣ. ಗಾಡಿಯ ಮೈ ಅಂದರೆ ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟಿ. ಚೈನು, ಬ್ರೇಕು, ಇಂಜಿನ್ ಎಲ್ಲ ಅದರ ಒಳಗೆ. ಚಕ್ರ ಹೊರಗೆ. ಹಾಗಾಗಿ ಆಕ್ಸಲ್ ಹೊರಗೆ ಬರಲು ಆರು ತೂತು ಬೇಕೇ ಬೇಕು. ಗಾಡಿ ತೇಲುವಾಗ ಆ ಆರೂ ನೀರಿನ ಕೆಳಗೇ ಇರುತ್ತವೆ. ಪ್ರತಿ ತೂತಿಗೂ ಒಂದು ಬೇರಿಂಗ್, ಒಂದು ರಬ್ಬರ್ ಸೀಲ್, ಮಧ್ಯೆ ಗ್ರೀಸ್. ನೀರಿಗೂ ನಮಗೂ ನಡುವೆ ಇರುವುದು ಇಷ್ಟೇ.

ಮೊದಲ ಸಲ ಆರೂ ಸೀಲ್ ಹೊಸದು ಹಾಕಿ, ಪರಿಚಯದವರ ಜಮೀನಿನ ಹೊಂಡಕ್ಕೆ ಇಳಿಸಿದೆ. ಹದಿನೈದು ನಿಮಿಷಕ್ಕೆ ಎರಡು ಬಕೆಟ್ ನೀರು ಒಳಗೆ. ಹೊಸ ಸೀಲ್ ಯಾಕೆ ಸೋರುತ್ತಿದೆ? ಆಕ್ಸಲ್ ಬಿಚ್ಚಿ, ಒರೆಸಿ, ಅದರ ಮೇಲೆ ಉಗುರು ಎಳೆದು ನೋಡಿದೆ. ಒಂದು ಕಡೆ ಉಗುರು ಟಕ್ ಅಂತ ಸಿಕ್ಕಿಕೊಂಡಿತು. ಹಳೇ ಸೀಲಿನ ತುಟಿ ವರ್ಷಗಟ್ಟಲೆ ಅದೇ ಜಾಗದಲ್ಲಿ ಉಜ್ಜಿ, ಉಕ್ಕಿನಲ್ಲೇ ಕೂದಲೆಳೆಯಷ್ಟು ಗೀರು ಮಾಡಿತ್ತು. ಮೃದು ರಬ್ಬರು ಗಟ್ಟಿ ಉಕ್ಕನ್ನು ಸವೆಸುವುದು ಮಧ್ಯೆ ಸಿಕ್ಕಿದ ಮರಳಿನಿಂದ. ಹೊಸ ಸೀಲ್ ಕೂತಿದ್ದು ಸರಿಯಾಗಿ ಆ ಗೀರಿನ ಮೇಲೆ. ನಾಲ್ಕು ಆಕ್ಸಲ್‌ಗಳಲ್ಲಿ ಸೀಲನ್ನು 3 ಮಿ.ಮೀ. ಒಳಕ್ಕೆ ಸರಿಸಿ ಕೂರಿಸಿದೆ, ತುಟಿ ಹೊಸ ಜಾಗಕ್ಕೆ ಬಂತು. ಉಳಿದೆರಡರಲ್ಲಿ ಗೀರು ಜಾಸ್ತಿ ಆಳ ಇತ್ತು. ಅವಕ್ಕೆ ತೆಳು ಉಕ್ಕಿನ ಬಳೆ ತೊಡಿಸಿದೆ. ಸೀಲ್ ಅಂಗಡಿಗಳಲ್ಲಿ ಇದು ಅಳತೆಗೆ ಸಿಗುತ್ತದೆ.

ಇದನ್ನು ಅಪ್ಪಯ್ಯನಿಗೆ ಹೇಳಿದಾಗ ಅವರಿಂದ ಇನ್ನೊಂದು ಮಾತು ಬಂತು. "ಹುಲ್ಲು ಸುತ್ತಿಕೊಳ್ಳತ್ತೆ, ನೋಡ್ಕೋ." ಗದ್ದೆಯಲ್ಲಿ ಹುಲ್ಲಿನ ನಾರು ಟಿಲ್ಲರ್ ಆಕ್ಸಲ್‌ಗೆ ಸುತ್ತಿ ಸುತ್ತಿ ಆಯಿಲ್ ಸೀಲನ್ನೇ ಕೊಯ್ಯುತ್ತದೆ. ಇಲ್ಲಿ ಜೌಗಿನ ಜೊಂಡು, ಮೀನಿನ ಗಾಳದ ದಾರ. ಹಾಗಾಗಿ ಪ್ರತಿ ಆಕ್ಸಲ್‌ಗೂ ಹೊರಗಡೆ ಒಂದು ಬಿಲ್ಲೆ ಮಾಡಿ ಕೂರಿಸಿದೆ. ನಾರು ಬಿಲ್ಲೆಗೆ ಸುತ್ತಲಿ, ಸೀಲಿನವರೆಗೆ ಬರುವುದು ಬೇಡ. ಪ್ರತಿ ಸಲ ನೀರಿಂದ ಬಂದ ಮೇಲೆ ಗ್ರೀಸ್ ಗನ್ ಹಿಡಿದು, ಹೊಸ ಗ್ರೀಸ್ ಹೊರಗೆ ಇಣುಕುವವರೆಗೂ ಒತ್ತುತ್ತೇನೆ. ಬೂದು ಬಣ್ಣದ ಗ್ರೀಸ್ ಬಂದರೆ ನೀರು ಸೇರಿದೆ ಅಂತ ಅರ್ಥ.

ತಳದ ಸೀಳನ್ನು ಅಂಟು ಹಾಕಿ ಮುಚ್ಚಲು ಹೋಗಬೇಡಿ. ಈ ಪಾಲಿಥೀನ್‌ಗೆ ಯಾವ ಅಂಟೂ ನೆಚ್ಚಿಕೊಳ್ಳುವಷ್ಟು ಹಿಡಿಯುವುದಿಲ್ಲ. ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ತಂದು, ಬಿಸಿಗಾಳಿಯಲ್ಲಿ ಎರಡನ್ನೂ ಕರಗಿಸಿ ಬೆಸೆಯಬೇಕು. ಸೀಳಿನ ಎರಡು ತುದಿಗೂ ಮೊದಲು ಸಣ್ಣ ತೂತು ಕೊರೆದರೆ ಸೀಳು ಮುಂದೆ ಓಡುವುದಿಲ್ಲ.

ಚೈನಿಗೆ ಒಂದೇ ಮಾತು: ಕಣ್ಣಳತೆ ಬೇಡ, ಟೇಪ್ ಹಿಡಿಯಿರಿ. ನನ್ನವು 50 ನಂಬರಿನ ಚೈನು. 20 ಕೊಂಡಿ ಅಳೆದರೆ ಹೊಸದರಲ್ಲಿ 317.5 ಮಿ.ಮೀ. ಬರಬೇಕು. ಹಳೇದರಲ್ಲಿ 325 ಬಂತು. ಶೇ. 2ಕ್ಕಿಂತ ಜಾಸ್ತಿ ಎಳೆದುಕೊಂಡ ಚೈನನ್ನು ನಾನು ಇಟ್ಟುಕೊಳ್ಳುವುದಿಲ್ಲ. ಕೆರೆ ಮಧ್ಯೆ ಒಂದು ಕಡೆಯ ಓಟ ನಿಂತರೆ ಗಾಡಿ ಹರಿಗೋಲಿನಂತೆ ಇದ್ದಲ್ಲೇ ಗಿರಗಿರ ಸುತ್ತುತ್ತದೆ. ಅದಕ್ಕೇ ಎರಡು ಹುಟ್ಟುಗಳೂ ಯಾವಾಗಲೂ ಗಾಡಿಯಲ್ಲೇ ಇರುತ್ತವೆ.

ಇಂಜಿನ್ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ, ಬೇರೆಯವರು ಮಾಡದಿರಲಿ ಅಂತ ಬರೆಯುತ್ತೇನೆ. 23 ಎಚ್‌ಪಿಯ ಎರಡು ಸಿಲಿಂಡರ್ ಇಂಜಿನ್ ತಂದೆ. ಬೆಲ್ಟ್ ಓಡಿಸುವ ಕ್ಲಚ್ ಹಳೇ ಸ್ನೋಮೊಬೈಲಿನದು (ಹಿಮದ ಮೇಲೆ ಓಡುವ ಗಾಡಿ) ಅಗ್ಗಕ್ಕೆ ಸಿಕ್ಕಿತು. ಜೋಡಿಸಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ತೆವಳುತ್ತದೆ, ಬೆಲ್ಟ್ ಸುಟ್ಟ ವಾಸನೆ. ಕಾರಣ ಸರಳ. ಸ್ನೋಮೊಬೈಲ್ ಕ್ಲಚ್ ಬೆಲ್ಟನ್ನು ಹಿಡಿಯುವುದೇ 3,500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲಿ. ನನ್ನ ಇಂಜಿನ್ನಿಗೆ ವೇಗಕ್ಕೆ ಕಡಿವಾಣ ಹಾಕುವ ಗವರ್ನರ್ ಇದೆ, ಅದು 3,600 ದಾಟುವುದೇ ಇಲ್ಲ. ಕ್ಲಚ್ ಏಳುವ ಹೊತ್ತಿಗೆ ಇಂಜಿನ್ನಿನ ಓಟ ಮುಗಿದಿರುತ್ತದೆ! ಕಡೆಗೆ 1,700ರ ಹತ್ತಿರ ಹಿಡಿಯುವ ಕ್ಲಚ್ಚನ್ನೇ ಕೊಂಡೆ. ಗಾಡಿ ಮೆತ್ತಗೆ, ಒದೆಯದೆ ಹೊರಟಿತು.

ಆದರೆ ಈ ಇಂಜಿನ್ ಹಳೇದಕ್ಕಿಂತ 14 ಕೆ.ಜಿ. ಭಾರ, ಕೂರುವುದು ಹಿಂದುಗಡೆ. ತೇಲುವ ಗಾಡಿಯಲ್ಲಿ ಪ್ರತಿ ಕೆ.ಜಿ.ಗೂ ನೀರು ಲೆಕ್ಕ ಕೇಳುತ್ತದೆ. ನನ್ನ ತೊಟ್ಟಿಯ ತಳ 2.1 ಮೀಟರ್ ಉದ್ದ, 1 ಮೀಟರ್ ಅಗಲ. ಚಕ್ರಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಪ್ರತಿ 21 ಕೆ.ಜಿ.ಗೆ 1 ಸೆಂ.ಮೀ. ಮುಳುಗುತ್ತದೆ. ಒಂದೇ ತುದಿಗೆ ಇಟ್ಟರೆ ಆ ತುದಿ ಇನ್ನೂ ಜಾಸ್ತಿ ಇಳಿಯುತ್ತದೆ. ಚಕ್ರಗಳ ಉಪಕಾರವೂ ದೊಡ್ಡದು. 22 ಇಂಚು ಎತ್ತರ, 10 ಇಂಚು ಅಗಲದ ಟೈರ್ ಪೂರ್ತಿ ಮುಳುಗಿದರೆ ಹತ್ತಿರ ಹತ್ತಿರ 60 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ. ತೇಲಿಸುವುದೂ ಅವೇ, ನೀರಲ್ಲಿ ಹುಟ್ಟು ಹಾಕುವುದೂ ಅವೇ.

ತೊಟ್ಟಿಯ ನಾಲ್ಕು ಮೂಲೆಗೂ ಇಂಚು ಇಂಚಿಗೆ ಬಣ್ಣದ ಟೇಪ್ ಅಂಟಿಸಿ, ಜನರ ಬದಲು 20 ಲೀಟರಿನ ನೀರಿನ ಕ್ಯಾನ್‌ಗಳನ್ನು ಹೇರಿ, ಹೊಂಡದಲ್ಲಿ ಬಿಟ್ಟು ನೋಡಿದೆ. ಮುಂದಿಗಿಂತ ಹಿಂದೆ ಮೂರು ಗೆರೆ ಕೆಳಗೆ. ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಮುಂದಕ್ಕೆ ತಂದೆ. ಹಿಂದಿನ ಕಬ್ಬಿಣದ ಬಂಪರ್ ತೆಗೆದೆ. ಒಂದು ಗೆರೆಯ ವ್ಯತ್ಯಾಸ ಉಳಿಯಿತು, ಅದು ನಡೆಯುತ್ತದೆ. ದಡ ಹತ್ತುವಾಗ ಮೂತಿ ಸ್ವಲ್ಪ ಮೇಲಿದ್ದರೆ ಒಳ್ಳೆಯದೇ.

ಟೈರಿನ ಗಾಳಿ ತೀರಾ ಕಡಿಮೆ ಇರಬೇಕು. ಮುಂದೆ ಹಿಂದೆ 2.5 ಪಿಎಸ್‌ಐ, ನಡುವಿನ ಜೋಡಿಗೆ ಮಾತ್ರ 4. ಭಾರ ನಡುಗಾಲಿಯ ಮೇಲೆ ನಿಂತರೆ ತಿರುಗಿಸುವುದು ಹಗುರ. ಆರಕ್ಕೂ ಒಂದೇ ಗಾಳಿ ಇದ್ದಾಗ ಒಣನೆಲದಲ್ಲಿ ಲಿವರ್ ಎಳೆದು ರಟ್ಟೆ ನೋಯುತ್ತಿತ್ತು.

ಇದೊಂದನ್ನು ದಯವಿಟ್ಟು ಮರೆಯಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮುಚ್ಚಿದ ತೊಟ್ಟಿಯಲ್ಲಿ ಅದು ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ನೀರೆತ್ತುವ ಪಂಪ್ ಕೂರುವುದೂ ಅಲ್ಲೇ. ಸ್ವಿಚ್ ಹಾಕಿದಾಗ ಒಂದು ಕಿಡಿ ಸಾಕು. ದೋಣಿಗೆಂದೇ ಮಾಡಿದ, ಕಿಡಿ ಹೊರಗೆ ಬಾರದ ಪಂಪ್ ಹಾಕಿ. ಸ್ಟಾರ್ಟ್ ಮಾಡುವ ಮೊದಲು ಮುಚ್ಚಳ ತೆಗೆದು ಐದು ನಿಮಿಷ ಗಾಳಿಯಾಡಲು ಬಿಡಿ.

ಕಳೆದ ಅಕ್ಟೋಬರಿನಲ್ಲಿ ಹೆಂಡತಿಯ ಜೊತೆ ಬೀವರ್ ಅನ್ನುವ ಪ್ರಾಣಿಗಳು ಕಟ್ಟೆ ಕಟ್ಟಿ ನಿಲ್ಲಿಸಿದ ಒಂದು ಹಿನ್ನೀರಿಗೆ ಹೋಗಿದ್ದೆ. ಹುದುಲಿನಲ್ಲಿ ಆರೂ ಚಕ್ರ ಕೆಸರು ತುಳಿಯುತ್ತಿದ್ದವು. ನೋಡುತ್ತಿದ್ದಂತೆ ಕುಲುಕಾಟ ನಿಂತಿತು, ಸದ್ದು ಬದಲಾಯಿತು. "ತೇಲ್ತಾ ಇದೀವಾ?" ಅಂದಳು. ನಡಿಗೆಯ ವೇಗದಲ್ಲಿ, ಚಕ್ರಗಳು ನೀರನ್ನು ಬಡಿಯುತ್ತಾ, ಕೆಂಪು ಮೇಪಲ್ ಎಲೆಗಳ ನಡುವೆ ಮುಕ್ಕಾಲು ಗಂಟೆ ಸುತ್ತಿದೆವು.

ಮನೆಗೆ ಬಂದು ತಳದ ಬಿರಡೆ ತೆಗೆದು ಕೆಳಗೆ ಲೋಟ ಹಿಡಿದೆ. ಮುಕ್ಕಾಲು ಲೋಟ ನೀರು. ಫೋಟೊ ತೆಗೆದು ಅಪ್ಪಯ್ಯನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಯಾವ ಆಕ್ಸಲ್ ಕಡೆಯಿಂದ ಬಂತು, ನೋಡಿದ್ಯಾ?"

ನೋಡಿರಲಿಲ್ಲ. ಟಾರ್ಚ್ ತೆಗೆದುಕೊಂಡು ಗ್ಯಾರೇಜಿಗೆ ಹೋದೆ. ಬಲಗಡೆ, ಹಿಂದಿನದು.